ಮುಳ್ಳು ಐದರಲ್ಲೇ ಇತ್ತು, ಎಣ್ಣೆ ಮಾತ್ರ ಬರ್ತಿರಲಿಲ್ಲ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆ. ಮನೆ ಹಿಂದೆ ತಗಡಿನ ಶೆಡ್, ಅದರಲ್ಲಿ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್. ಜೀನ್ಸ್ ವಾಷಿಂಗ್ ಯೂನಿಟ್‌ಗಳ ಶಾಫ್ಟು, ಬುಷ್ಷು, ಪುಲ್ಲಿ, ಇವೇ ನಮ್ಮ ಅನ್ನ. ಕಳೆದ ವರ್ಷ ಮಾತ್ರ ಬೇರೆ ಥರದ ಕೆಲಸ ಬಂತು. ಮಂಚದ ಕಾಲು, ತೊಟ್ಟಿಲ ಕಡ್ಡಿ ತಿರುವುವ ಮರದ ಲೇತ್ ಇರುತ್ತದಲ್ಲ, ಅದನ್ನು ಮಾಡಿ ಮಾರುವ ಗಿರಾಕಿಯೊಬ್ಬರು 40 ಸ್ಪಿಂಡಲ್, ಅಂದ್ರೆ ಮರವನ್ನು ತಿರುಗಿಸುವ ಶಾಫ್ಟು, ಕೇಳಿದರು.

ಇಎನ್8 ಉಕ್ಕು, 400 ಮಿಮೀ ಉದ್ದ, ನಡುವೆ 14 ಮಿಮೀ ಆರಪಾರ ತೂತು. ಮುಂದಿನ ತುದಿಯಲ್ಲಿ ಮೋರ್ಸ್ ಟೇಪರ್ ನಂಬರ್ 2, ಒಳಗೆ ಕಿರಿದಾಗುತ್ತಾ ಹೋಗುವ ತೂತಿನ ಒಂದು ಗೊತ್ತಾದ ಅಳತೆ. ಅಂದ್ರೆ ಬಾಯಿ 17.78 ಮಿಮೀ, ಒಳಗೆ ಹೋದಂತೆ 20 ಮಿಮೀಗೆ ಸುಮಾರು 1 ಮಿಮೀ ಕಿರಿದಾಗಬೇಕು. ಈ ಟೇಪರ್ ಸರಿಯಾಗಿ ಬಂದರೆ ಸೆಂಟರ್ (ಮರವನ್ನು ಹಿಡಿಯುವ ಮೊನೆ) ಒಳಗೆ ಕೂತು ಗಟ್ಟಿಯಾಗಿ ಹಿಡಿಯುತ್ತದೆ. ಒಂದು ಗೀರು ಬಿದ್ದರೂ ಕುಂಟುತ್ತದೆ.

ಮೊದಲು ಬೋರಿಂಗ್ ಮಾಡಿ ತೂತು ಅಗಲಿಸಿ, ಕಾಲು ಮಿಮೀ ಬಿಟ್ಟು, ಕೊನೆಗೆ ಟೇಪರ್ ರೀಮರ್ (ತೂತನ್ನು ಸರಿ ಅಳತೆಗೆ ಕೆರೆಯುವ ಹಲ್ಲಿನ ಹತಾರ) ಹಾಕುವುದು ನಮ್ಮ ಪದ್ಧತಿ. ತೊಂದರೆ ಇರುವುದು ರೀಮರಿನಲ್ಲೇ. ಸಾದಾ ರೀಮರ್ ಮೂತಿಯಲ್ಲಿ ಮಾತ್ರ ಕತ್ತರಿಸುತ್ತದೆ. ಟೇಪರ್ ರೀಮರ್ ಹಲ್ಲಿನ ಉದ್ದಕ್ಕೂ ಕತ್ತರಿಸುತ್ತದೆ. ಹಲ್ಲಿನ ನಡುವಿನ ತೋಡಿನಲ್ಲಿ ಚೂರು ತುಂಬಿಕೊಂಡು, ಅದೇ ಚೂರು ಗೋಡೆಗೆ ಗೀರು ಎಳೆಯುತ್ತದೆ. ಅದಕ್ಕೆ ಮೂರ್ನಾಲ್ಕು ಮಿಮೀ ಹೋಗು, ಹೊರಗೆ ತೆಗೆ, ಬ್ರಷ್ ಹಾಕು, ಎಣ್ಣೆ ಹಚ್ಚು, ಮತ್ತೆ ಒಳಗೆ. ನಮ್ಮಲ್ಲಿ ಈ ಕೆಲಸ ಚಾಚಾ ಅವರದು. ಅಪ್ಪನ ಕಾಲದಿಂದ ಇದ್ದಾರೆ. ರೀಮರನ್ನು ಒಳಗೆ ತಳ್ಳುವ ಟೇಲ್‌ಸ್ಟಾಕ್ ಚಕ್ರ ತಿರುಗಿಸುವಾಗ ಕೈಗೆ ಬರುವ ಬಿಗಿಯಲ್ಲೇ ಒಳಗೆ ಏನಾಗ್ತಿದೆ ಅಂತ ಹೇಳುತ್ತಾರೆ. ಆದರೆ ಒಂದು ಸ್ಪಿಂಡಲಿಗೆ ಮುಕ್ಕಾಲು ಗಂಟೆ ಹೋಗುತ್ತಿತ್ತು.

ನಾನು ಹಿಡಿದ ದಾರಿ ನನ್ನ ಸ್ವಂತದ್ದೇನಲ್ಲ. ಅಮೆರಿಕದಲ್ಲಿ ರೈಫಲ್ ಬ್ಯಾರೆಲ್ ಕೆಲಸ ಮಾಡುವವರು ಚೇಂಬರ್ (ಗುಂಡು ಕೂರುವ ಜಾಗ) ಕೊರೆಯುವಾಗ, ಬ್ಯಾರೆಲಿನ ಮೂತಿ ಕಡೆಯಿಂದ ಪಂಪಿನಲ್ಲಿ ಎಣ್ಣೆ ನುಗ್ಗಿಸುತ್ತಾರೆ. ಎಣ್ಣೆ ತೂತಿನೊಳಗೆ ಬಂದು, ರೀಮರಿನ ತೋಡುಗಳಲ್ಲಿ ಹರಿದು, ಚೂರನ್ನು ತಳ್ಳಿಕೊಂಡು ಈಚೆ ಬೀಳುತ್ತದೆ. ರೀಮರನ್ನು ಪದೇ ಪದೇ ಹೊರಗೆಳೆಯುವ ಕೆಲಸವೇ ಇಲ್ಲ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕಿನ ಭಾಗ ಮಾಡಿದರೆ 1959ರ ಆಯುಧ ಕಾಯ್ದೆ ಅಡಿ ಅಪರಾಧ, ಅದರ ತಂಟೆ ನಮಗೆ ಬೇಡ. ನಾನು ಎತ್ತಿಕೊಂಡಿದ್ದು ಅವರ ಪೈಪಿನ ಜೋಡಣೆಯನ್ನಷ್ಟೇ. ನಮ್ಮ ಸ್ಪಿಂಡಲಿಗೂ ಆರಪಾರ ತೂತಿದೆ, ಒಂದು ತುದಿಯಲ್ಲಿ ರೀಮರ್ ಇದೆ. ಲೆಕ್ಕ ಒಂದೇ ಅಲ್ವಾ?

ಮೊದಲು ಲೇತಿನದೇ ಕೂಲೆಂಟ್ (ತಂಪಿಗೆಂದು ಎಣ್ಣೆ ಬೆರೆಸಿದ ನೀರು) ಪಂಪು ಜೋಡಿಸಿದೆ. ರೀಮರ್ ತೂತಿಗೆ ಅಡ್ಡ ಬಂದ ಕೂಡಲೇ ನೀರು ನಿಂತುಹೋಯಿತು. ಆ ಪಂಪು ನೀರನ್ನು ಮೇಲಿನಿಂದ ಸುರಿಯುವುದಕ್ಕೆ ಸರಿ, ಇಕ್ಕಟ್ಟಿನಲ್ಲಿ ತಳ್ಳುವುದಕ್ಕಲ್ಲ. ಜೊತೆಗೆ ನಮ್ಮ ಬೋರಿನ ಗಡಸು ನೀರಿಗೆ ಕೂಲೆಂಟ್ ಎಣ್ಣೆ ಸರಿಯಾಗಿ ಬೆರೆಯದೆ, ಮೇಲೆ ಕೆನೆ ಕಟ್ಟಿಕೊಂಡಿತು. ಈ ಕೆನೆಯ ಮಾತು ಮುಂದೆ ಮತ್ತೆ ಬರುತ್ತದೆ.

ಆಮೇಲೆ ಅರ್ಧ ಎಚ್‌ಪಿ ಮೋಟರಿಗೆ ಒಂದು ಸಣ್ಣ ಗೇರ್ ಪಂಪ್ ಹಾಕಿದೆ. ನಿಮಿಷಕ್ಕೆ 8 ಲೀಟರ್. ಗೇರ್ ಪಂಪಿನ ಹಲ್ಲುಗಳಿಗೆ ಜಾರಿಕೆ ಬೇಕು, ನೀರು ಬೆರೆತ ಕೂಲೆಂಟಿನಲ್ಲಿ ಬೇಗ ಸವೆಯುತ್ತವೆ. ಅದಕ್ಕೆ ನೀರು ಬಿಟ್ಟು ಅಪ್ಪಟ ಕಟಿಂಗ್ ಆಯಿಲ್‌ಗೆ ಬಂದೆ. ಪಂಪಿನ ಪಕ್ಕ ಒಂದು ರಿಲೀಫ್ ವಾಲ್ವ್, 5 ಬಾರ್‌ಗೆ ಸೆಟ್. ಒತ್ತಡ ಅದಕ್ಕಿಂತ ಏರಿದರೆ ಎಣ್ಣೆ ವಾಪಸ್ ಟ್ಯಾಂಕಿಗೆ. ಆಮೇಲೆ ಒತ್ತಡ ತೋರಿಸುವ ಗೇಜು, ಆಮೇಲೆ ಫಿಲ್ಟರ್, ಆಮೇಲೆ ಹೋಸ್. ಈ ಸಾಲನ್ನು ಸ್ವಲ್ಪ ನೆನಪಿಡಿ.

ತಿರುಗುವ ಸ್ಪಿಂಡಲಿಗೆ ತಿರುಗದ ಹೋಸ್ ಜೋಡಿಸುವುದೇ ನಿಜವಾದ ತಲೆನೋವು. ಮೊದಲ ಪ್ರಯತ್ನದಲ್ಲಿ ಎರಡು ಓ ರಿಂಗ್ ಹಾಕಿದ ಬಿರಡೆಯನ್ನು ತೂತಿಗೆ ಸುಮ್ನೆ ಒತ್ತಿದ್ದೆ. 5 ಬಾರ್ ಏನು ಮಹಾ ಅಂದುಕೊಂಡಿದ್ದೆ. 14 ಮಿಮೀ ತೂತಿನಲ್ಲಿ ಅದು ಏಳೂವರೆ ಕೆಜಿಗಿಂತ ಜಾಸ್ತಿ ತಳ್ಳುತ್ತದೆ. ಬಿರಡೆ ಹಾರಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು, ಎಣ್ಣೆ ನನ್ನ ಅಂಗಿಗೆ. ಪುಣ್ಯಕ್ಕೆ ಸ್ಪಿಂಡಲಿನ ಹಿಂದಿನ ತುದಿಯಲ್ಲಿ ನಟ್ಟಿಗೆಂದು ಹೊರಗಡೆ ಥ್ರೆಡ್ ಇತ್ತು. ಅದಕ್ಕೆ ಒಂದು ಕ್ಯಾಪ್ ಮಾಡಿ, ಕ್ಯಾಪಿಗೆ ಪೈಪ್ ಹಾಕಿ, ಹೆಡ್‌ಸ್ಟಾಕಿನ (ಲೇತಿನ ತಿರುಗುವ ತಲೆಯ) ಹಿಂದಕ್ಕೆ ತಂದು, ಸ್ಪೈಡರ್ ಅನ್ನುವ ನಾಲ್ಕು ಬೋಲ್ಟಿನ ಹಿಡಿಕೆಯಲ್ಲಿ ಹಿಡಿಸಿ, ಕೊನೆಗೆ ಒಂದು ಕಡೆ ತಿರುಗಿ ಇನ್ನೊಂದು ಕಡೆ ನಿಂತೇ ಇರುವ ಜೋಡಣೆ, ಕಾಲಿಂಚಿನ ರೋಟರಿ ಯೂನಿಯನ್, ಕೂರಿಸಿದೆ.

ಯೂನಿಯನ್ ತಗೊಳ್ಳುವಾಗ ಅಂಗಡಿಯಲ್ಲಿ ಲೆಫ್ಟ್ ಥ್ರೆಡ್ಡಾ ರೈಟ್ ಥ್ರೆಡ್ಡಾ ಅಂತ ಕೇಳಿದರು. ಯಾವುದೋ ಒಂದು ಕೊಡ್ರಿ ಅಂದೆ. ರೈಟ್ ಕೊಟ್ಟರು. ಲೇತ್ ಮುಂದಕ್ಕೆ ತಿರುಗುವುದನ್ನು ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು. ಯೂನಿಯನ್ ಒಳಗಿನ ಸೀಲು ಅದನ್ನು ತಡೆದು ಹಿಡಿಯುತ್ತದೆ, ಆಗ ರೈಟ್ ಥ್ರೆಡ್ ತಾನಾಗೇ ಬಿಚ್ಚಿಕೊಳ್ಳುತ್ತದೆ. ಅರ್ಧ ದಿನದಲ್ಲಿ ಎರಡು ಸಲ ಬಿಚ್ಚಿತು. ಮರುದಿನ ಲೆಫ್ಟ್ ತಂದೆ, ಕ್ಯಾಪು ಬಿಚ್ಚದಂತೆ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಬಿಗಿದೆ. ಪಂಪು ಚಾಲೂ ಆಗದೆ ಲೇತ್ ತಿರುಗಿಸಬಾರದು ಅನ್ನುವುದನ್ನೂ ಆಗಲೇ ಕಲಿತೆ. ಒಣಗಿದ್ದಾಗ ತಿರುಗಿದರೆ ಯೂನಿಯನ್ ಸೀಲು ಉಜ್ಜಿ ಹಾಳಾಗುತ್ತದೆ.

ಇಷ್ಟಾದ ಮೇಲೆ ಕೆಲಸ ಬೆಣ್ಣೆ. 60 ಆರ್‌ಪಿಎಂ, ಒಂದೇ ಎಳೆತ, ಒಂದು ಸ್ಪಿಂಡಲಿಗೆ ಕಾಲು ಗಂಟೆ. ಟೇಪರ್ ಎಷ್ಟು ತಾಗುತ್ತದೆ ಅಂತ ಪ್ರಷ್ಯನ್ ಬ್ಲೂ ಬಣ್ಣ ಹಚ್ಚಿ ನೋಡಿದರೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀಲಿ ಹತ್ತುತ್ತಿತ್ತು. ಚಕ್ರ ನಾನೇ ಹಿಡಿದೆ. ಚಾಚಾಗೆ ಬೇರೆ ಲೇತ್ ಕೊಟ್ಟೆ. ಈಗ ಕೈಯ ಬಿಗಿ ನೋಡುವುದೇನಿದೆ, ಗೇಜಿನ ಮುಳ್ಳು ನೋಡಿದರೆ ಸಾಕು ಅನ್ನುವ ಹಮ್ಮು ಇತ್ತು, ಒಪ್ಪಿಕೊಳ್ಳುತ್ತೇನೆ.

ನಿಜ ಹೇಳಬೇಕೆಂದರೆ ಕೈಗೆ ಏನೂ ಗೊತ್ತಾಗುತ್ತಲೂ ಇರಲಿಲ್ಲ. ಎಣ್ಣೆ ರೀಮರನ್ನು ಹಿಂದಕ್ಕೆ ತಳ್ಳುತ್ತಲೇ ಇರುತ್ತದೆ. ಚಕ್ರ ಯಾವಾಗಲೂ ಒಂದೇ ಥರ ಬಿಗಿ. ಚೂರು ಸಿಕ್ಕಿ ಬಿಗಿಯಾದದ್ದೋ, ಎಣ್ಣೆ ತಳ್ಳಿ ಬಿಗಿಯಾದದ್ದೋ ತಿಳಿಯುವುದಿಲ್ಲ.

ಹದಿನೇಳನೆಯ ಸ್ಪಿಂಡಲ್. ದಿನಾ ಶುರುವಿನಲ್ಲಿ ಮುಳ್ಳು 3ರಲ್ಲಿ ಇರುತ್ತಿತ್ತು, ರೀಮರ್ ಒಳಗೆ ಕೂರುತ್ತಾ ನಿಧಾನಕ್ಕೆ 5ಕ್ಕೆ ಏರುತ್ತಿತ್ತು. ಅವತ್ತು ಬೆಳಗ್ಗೆಯಿಂದಲೂ 5. ಜಾಸ್ತಿ ಒತ್ತಡ ಬಂದಿದೆ, ಒಳ್ಳೆಯದೇ ಅಂದುಕೊಂಡು ಒಗ್ಗಾಣಿ ತಿಂದು ಬಂದು ಚಕ್ರ ಹಿಡಿದೆ. ಆ ಕಡೆ ಲೇತಿನಿಂದ ಚಾಚಾ ಕೂಗಿದರು.

"ನಿಲ್ಸಪ್ಪಾ! ಸಪ್ಪಳ ಬೇರೆ ಐತೆ."

"ಪ್ರೆಷರ್ ಸರಿ ಐತೆ ಚಾಚಾ, ನೋಡ್ರಿ ಐದು ತೋರಿಸ್ತಾ ಐತೆ."

"ಮುಳ್ಳು ಏನ್ ನೋಡ್ತೀಯಾ, ಧಾರೆ ನೋಡು."

ಬಗ್ಗಿ ನೋಡಿದೆ. ಸ್ಪಿಂಡಲಿನ ಬಾಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು, ಅಷ್ಟೇ. ನಿಲ್ಲಿಸಿ ಎಳೆದರೆ ತೋಡುಗಳಲ್ಲಿ ಚೂರು ಗಟ್ಟಿಯಾಗಿ ಮೆತ್ತಿತ್ತು, ರೀಮರಿನ ಒಂದು ಹಲ್ಲು ಮುಕ್ಕಾಗಿತ್ತು, ಟೇಪರಿನ ಉದ್ದಕ್ಕೂ ಉಗುರಿಗೆ ಸಿಗುವಷ್ಟು ಗೀರು.

ಫಿಲ್ಟರ್ ಕಟ್ಟಿಕೊಂಡಿತ್ತು. ಹಳೆ ಕೂಲೆಂಟ್ ಚೆಲ್ಲಿದಾಗ ಟ್ಯಾಂಕನ್ನು ಬರೀ ಬಟ್ಟೆಯಲ್ಲಿ ಒರೆಸಿ ಎಣ್ಣೆ ತುಂಬಿದ್ದೆ. ಮೂಲೆಯಲ್ಲಿ ಉಳಿದಿದ್ದ ಆ ಕೆನೆ ಎಣ್ಣೆಯ ಜೊತೆ ಫಿಲ್ಟರಿಗೆ ಹೋಗಿದೆ. ನೀರು ತಾಗಿದರೆ ಫಿಲ್ಟರ್ ಕಾಗದ ಉಬ್ಬುತ್ತದೆ. ಮೇಲೆ ಸಣ್ಣ ಚೂರು, ಪೂರ್ತಿ ಬಂದ್. ಹೋಗಲು ದಾರಿಯಿಲ್ಲದ ಎಣ್ಣೆಯೆಲ್ಲ ರಿಲೀಫ್ ವಾಲ್ವಿನಿಂದ ಟ್ಯಾಂಕಿಗೇ ಸುತ್ತುತ್ತಿತ್ತು. ನನ್ನ ಗೇಜು ಇದ್ದದ್ದು ಫಿಲ್ಟರಿಗಿಂತ ಮೊದಲು, ಪಂಪಿನ ಪಕ್ಕ. ಅದು ಪಂಪಿನ ಒತ್ತಡವನ್ನು ಸರಿಯಾಗಿಯೇ ತೋರಿಸುತ್ತಿತ್ತು. ರೀಮರಿನ ಹತ್ತಿರ ಏನಿದೆ ಅಂತ ನಾನು ಅದನ್ನು ಕೇಳಿರಲೇ ಇಲ್ಲ.

ಆವತ್ತೇ ಸಂಜೆ ಟ್ಯಾಂಕ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಒಣಗಿಸಿದೆವು. ಎಣ್ಣೆ ವಾಪಸ್ ಬರುವ ಟ್ರೇಯಲ್ಲಿ ಹಳೆ ಸ್ಪೀಕರಿನ ಮ್ಯಾಗ್ನೆಟ್ ಇಟ್ಟೆವು. ಚೂರು ಅರ್ಧಕ್ಕರ್ಧ ಅಲ್ಲೇ ಹಿಡಿಯುತ್ತದೆ, ಈ ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ಒಳ್ಳೆಯ ಸಾಮಾನು ಅದೇ. ಫಿಲ್ಟರ್ ಆದ ಮೇಲೆ, ಹೋಸಿಗೆ ಮೊದಲು, ಎರಡನೇ ಗೇಜು ಹಾಕಿದೆ. ಎರಡರ ನಡುವೆ ಅಂತರ ಬೆಳೆದರೆ ಫಿಲ್ಟರ್ ಬದಲಿಸುವುದು. ಎರಡನೆಯದು ಧಡಕ್ಕನೆ ಏರಿದರೆ ರೀಮರಿನಲ್ಲಿ ಚೂರು ಸಿಕ್ಕಿದೆ. ಎರಡನೆಯದು ಇಳಿದು ಮೊದಲನೆಯದು ಏರಿದರೆ ಹದಿನೇಳನೆಯ ಸ್ಪಿಂಡಲಿನ ಕಥೆ.

ಉಳಿದ ಇಪ್ಪತ್ಮೂರಕ್ಕೆ ಹೊಸ ರೀಮರ್ ತಂದೆ, ಚಕ್ರ ಮತ್ತೆ ಚಾಚಾ ಕೈಗೆ ಹೋಯಿತು. ಹಾಳಾದ ಹದಿನೇಳಕ್ಕೆ ಬದಲು ನಮ್ಮ ಖರ್ಚಿನಲ್ಲೇ ಒಂದು ಹೊಸದು ಮಾಡಿ 40 ತುಂಬಿಸಿ ಕಳಿಸಿದೆವು. ಎಣ್ಣೆ ಚಿಮ್ಮುವುದಕ್ಕೆ ಮುಂದೆ ಅಕ್ರಿಲಿಕ್ ಹಲಗೆ ನಿಲ್ಲಿಸಿದ್ದೇನೆ. ಆದರೆ ಧಾರೆ ಬೀಳುವ ಜಾಗ ಮಾತ್ರ ಚಾಚಾ ಮುಚ್ಚಗೊಡಲಿಲ್ಲ. ಅಲ್ಲಿ ಅಂಗೈ ಅಗಲ ಕಿಂಡಿ ಬಿಟ್ಟಿದ್ದೇವೆ. ಅದರಿಂದ ನೆಲಕ್ಕೆ ಸೋರುವ ಎಣ್ಣೆಗೆ ದಿನಾ ಒಂದು ಬುಟ್ಟಿ ಮರದ ಹೊಟ್ಟು ಹಾಕುತ್ತೇವೆ.