ಬಂಗಾಳಿ ಮೇಷ್ಟ್ರು

ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್‌ನಲ್ಲಿ ಬಂದಾಗ ಅರ್ಧ ಜನಕ್ಕೆ ಯಾರು ಅಂತಲೇ ಹೊಳೆಯಲಿಲ್ಲ. 'ಬಂಗಾಳಿ ಮೇಷ್ಟ್ರು ಕಣ್ರೋ' ಅಂದ ಮೇಲೆ ಎಲ್ಲರಿಗೂ ಗೊತ್ತಾಯಿತು. ಅವರು ತೀರ್ಥಹಳ್ಳಿ ಕಡೆಯವರು. ಬಂಗಾಳ ನೋಡಿದವರೇ ಅಲ್ಲ. ಆದರೆ ಗಣಿತದ ಮೇಷ್ಟ್ರು ರಜೆ ಹಾಕಿದರೆ ಸಾಕು, ನಮ್ಮ ಕ್ಲಾಸಿಗೆ ಬಂದು ಬಂಗಾಳಿ ಕಾದಂಬರಿಕಾರ ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಥೆ ಶುರು ಮಾಡುತ್ತಿದ್ದರು. ಗಣಿತದ ಮೇಷ್ಟ್ರಿಗೆ ಆಗಾಗ ಜ್ವರ ಬರಲಿ ಅಂತ ನಾವು ಬೇಡಿಕೊಳ್ಳುತ್ತಿದ್ದೆವು.

ಹತ್ತನೇ ಕ್ಲಾಸಿನ ಪಾಠ ಯಾವುದೂ ಈಗ ನೆನಪಿಲ್ಲ. ವಿಭೂತಿಭೂಷಣರ 'ಪಥೇರ್ ಪಾಂಚಾಲಿ' ಮಾತ್ರ ಹಾಗೇ ಇದೆ. ಆ ಕಾದಂಬರಿಯಲ್ಲಿ ಬರುವ ಅಪ್ಪ ಹರಿಹರನ ಹಾಗೆ ವಿಭೂತಿಭೂಷಣರ ಅಪ್ಪನೂ ಕಥೆ ಹೇಳುತ್ತಾ ಊರೂರು ಅಲೆದವರು. ಇಚ್ಛಾಮತಿ ನದಿ, ಬಿದಿರುಮೆಳೆ, ಮನೆಯ ಬಡತನ, ಎಲ್ಲವೂ ವಿಭೂತಿಭೂಷಣರು ತಾವೇ ಕಂಡದ್ದು. ಮೊದಲು ಬರೆದದ್ದರಲ್ಲಿ ಹರಿಹರನ ಮಗಳು ದುರ್ಗಾ ಇರಲೇ ಇಲ್ಲವಂತೆ. ಬಿಹಾರದ ಭಾಗಲ್ಪುರದಲ್ಲಿ ಕೆದರಿದ ಕೂದಲಿನ ಒಬ್ಬ ಹುಡುಗಿಯನ್ನು ಕಂಡ ಮೇಲೆ ಮತ್ತೆ ಬರೆದರಂತೆ. 'ಕಣ್ಣಿಗೆ ಬಿದ್ದದ್ದನ್ನು ಬರೀರಿ, ಕೇಳಿದ್ದನ್ನಲ್ಲ' ಅನ್ನುತ್ತಿದ್ದರು ಮೇಷ್ಟ್ರು. ವಿಭೂತಿಭೂಷಣರೂ ಸ್ಕೂಲ್ ಮೇಷ್ಟ್ರಾಗಿದ್ದವರು ಅನ್ನೋದು ನಮ್ಮ ಮೇಷ್ಟ್ರಿಗೆ ದೊಡ್ಡ ಹೆಮ್ಮೆ.

ಆ ಕಾದಂಬರಿಯ ಒಂದು ಭಾಗಕ್ಕೆ ಮಾವಿನ ಗೊರಟಿನ ಪೀಪಿಯ ಹೆಸರೇ ಇದೆ ಅಂತ ಅವರು ಹೇಳಿದ್ದೇ ತಡ. ಜೂನ್ ತಿಂಗಳು. ಸ್ಕೂಲ್ ಹಿಂದಿನ ಕಾಟುಮಾವಿನ ಬುಡದಲ್ಲಿ ಮೊಳಕೆಯೊಡೆದ ಗೊರಟು ಬೇಕಾದಷ್ಟಿತ್ತು. ಸಿಪ್ಪೆ ಬಿಡಿಸಿ, ಒಳಗಿನ ಬೀಜದ ತುದಿಯನ್ನು ಜಗಲಿ ಕಲ್ಲಿಗೆ ತಿಕ್ಕಿ ತಿಕ್ಕಿ ಇಡೀ ಕ್ಲಾಸು ಪೀಪಿ ಮಾಡಿಕೊಂಡಿತು. ಮರುದಿನ ಇನ್‌ಸ್ಪೆಕ್ಟರ್ ಬಂದು ಕುರ್ಚಿಯಲ್ಲಿ ಕೂತರೋ ಇಲ್ಲವೋ, ಹಿಂದಿನ ಬೆಂಚಿನಿಂದ 'ಪೇಂ' ಅಂತ ಸದ್ದು. ಹೆಡ್‌ಮಾಸ್ಟರು ಬೆತ್ತ ಹುಡುಕಿದರು. ನಮ್ಮ ಮೇಷ್ಟ್ರು ಎಲ್ಲ ಪೀಪಿಗಳನ್ನೂ ಮೇಜಿನ ಮೇಲೆ ಇಡಿಸಿ, ಒಂದನ್ನು ಪಂಚೆಗೆ ಒರೆಸಿ, ಇನ್‌ಸ್ಪೆಕ್ಟರ ಎದುರೇ ಊದಿದರು. ಬರೀ ಗಾಳಿ ಬಂತು. 'ತಿಕ್ಕಿದ್ದು ಜಾಸ್ತಿಯಾಯ್ತು' ಅಂದರು. ಇನ್‌ಸ್ಪೆಕ್ಟರು ನಕ್ಕುಬಿಟ್ಟರು. ಊದಿದ್ದು ಯಾರು ಅಂತ ಇವತ್ತಿಗೂ ನಾನು ಹೇಳುವುದಿಲ್ಲ, ಅವನೀಗ ತಹಶೀಲ್ದಾರ್.

'ಆರಣ್ಯಕ'ದ ಕಥೆ ಹೇಳಿದ ದಿನ ಮಾತ್ರ ಯಾರೂ ನಗಲಿಲ್ಲ. ವಿಭೂತಿಭೂಷಣರು ಭಾಗಲ್ಪುರದ ಕಡೆ ಒಬ್ಬ ಜಮೀನ್ದಾರರ ಎಸ್ಟೇಟ್ ನೋಡಿಕೊಳ್ಳಲು ಹೋಗಿದ್ದರು. ಆ ಅನುಭವವೇ 1939ರಲ್ಲಿ ಕಾದಂಬರಿಯಾಗಿ ಬಂತು. ಅದರಲ್ಲಿ ಎಸ್ಟೇಟ್ ಮ್ಯಾನೇಜರ್ ಆಗಿರುವ ಸತ್ಯಚರಣ ಕಾಡನ್ನು ಪ್ರೀತಿಸುತ್ತಾನೆ, ಆದರೆ ಅದೇ ಕಾಡನ್ನು ರೈತರಿಗೆ ಹಂಚಿ ಬೋಳು ಮಾಡಿಸುವುದೇ ಅವನ ಕೆಲಸ. ನಮ್ಮಲ್ಲಿ ಅರ್ಧ ಮಕ್ಕಳ ಮನೆಯದು ಬಗರ್‌ಹುಕುಂ ಜಮೀನು. 'ನಿಮ್ಮಪ್ಪಂದಿರು ಕಾಡು ಕಡಿದು ಗದ್ದೆ ಮಾಡಿದ್ದು ತಪ್ಪಾ?' ಅಂತ ಕೇಳಿದರು ಮೇಷ್ಟ್ರು. ಯಾರೂ ಬಾಯಿ ಬಿಡಲಿಲ್ಲ. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. 'ನಿಮ್ಮ ಮೇಷ್ಟ್ರಿಗೆ ತಿಂಗಳು ತಿಂಗಳು ಸಂಬಳ ಬರುತ್ತೆ ಕಣೋ' ಅಂದರು ಅಪ್ಪ. ಮರುದಿನ ಅದನ್ನೂ ಹೋಗಿ ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸತ್ಯಚರಣನಿಗೂ ಬರ್ತಿತ್ತಲ್ಲೋ ಸಂಬಳ. ನಿಮ್ಮಪ್ಪ ಹೇಳಿದ್ದು ಸರಿ' ಅಂದರು.

ಮುಂದೆ ನಾನು ಬ್ಯಾಂಕ್ ಸೇರಿ ಮ್ಯಾನೇಜರ್ ಆದೆ. ಜಮ್ಶೆಡ್‌ಪುರಕ್ಕೆ ವರ್ಗವಾದಾಗ ಅಲ್ಲೇ ಹತ್ತಿರದ ಘಾಟ್‌ಶಿಲಾಕ್ಕೆ ಹೋಗಿ ವಿಭೂತಿಭೂಷಣರ ಮನೆ ಗೌರಿಕುಂಜ ನೋಡಿ ಬಂದೆ. ಮದುವೆಯಾಗಿ ಸ್ವಲ್ಪ ದಿನಕ್ಕೇ ತೀರಿಕೊಂಡ ಮೊದಲ ಹೆಂಡತಿ ಗೌರಿಯ ಹೆಸರು ಅದಕ್ಕೆ. 1950ರಲ್ಲಿ ಅವರು ತೀರಿಕೊಂಡದ್ದೂ ಘಾಟ್‌ಶಿಲಾದಲ್ಲೇ. ನಮ್ಮ ಬ್ಯಾಚಿನಲ್ಲಿ ಅಲ್ಲಿಗೆ ಹೋದವನು ನಾನೊಬ್ಬನೇ ಅಂತ ಕಾಣುತ್ತೆ. ಮೇಷ್ಟ್ರಿಗೆ ನಾಲ್ಕು ಪುಟದ ಕಾಗದ ಬರೆದೆ. ಅವರಿಂದ ಬಂದದ್ದು ಒಂದು ಕಾರ್ಡು: 'ಅಲ್ಲಿಯ ಸುವರ್ಣರೇಖಾ ಹೊಳೆಯಲ್ಲಿ ನೀರಿತ್ತೇನೋ? ಅದನ್ನೇ ಬರೆದಿಲ್ಲವಲ್ಲ.'

ಮೊನ್ನೆ ಮೊಮ್ಮಗನ ಪ್ರಾಜೆಕ್ಟ್ ನೋಡಿದೆ. ವಿಷಯ, ನಮ್ಮೂರಿನ ಮಳೆಗಾಲ. ಫೋಟೋ ಕೇರಳದ್ದು, ಬರಹ ಮೊಬೈಲಿನದ್ದು, ಬೈಂಡಿಂಗ್ ಜೆರಾಕ್ಸ್ ಅಂಗಡಿಯದ್ದು. ಪೂರ್ತಿ ಮಾರ್ಕ್ಸ್ ಬಂದಿದೆ. ಹುಡುಗ ಆ ದಿನ ಮಳೆಯಲ್ಲಿ ನೆನೆದೇ ಮನೆಗೆ ಬಂದಿದ್ದ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ವರ್ಷದಿಂದ ಮಕ್ಕಳು ತಾವೇ ಕಂಡದ್ದನ್ನು ಬರೆದರೆ ಒಂದು ಬಹುಮಾನ ಇಡಿ. ದುಡ್ಡು ನಾನು ಕೊಡುತ್ತೇನೆ. ಬಹುಮಾನಕ್ಕೆ ಮೇಷ್ಟ್ರ ಹೆಸರೇ ಇರಲಿ. ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರು ಹಾಕಿದರೆ ನಾನೇನೂ ಬೇಡ ಅನ್ನುವುದಿಲ್ಲ.