ಬಜೆಟ್ ಕಡಿತ ಕೂಲಿಕಾರರಿಗೆ ತಟ್ಟುವುದು ಎಲ್ಲಿ?

2023ರ ಕೇಂದ್ರ ಬಜೆಟ್ ಬಂದಾಗ ಪಾವಗಡ, ಬಾಗೇಪಲ್ಲಿ ಕಡೆ ಇದ್ದ ವಾದ ಎರಡೇ: ನರೇಗಾ (ಗ್ರಾಮೀಣ ಉದ್ಯೋಗ ಖಾತ್ರಿ) ಹಣ ಕತ್ತರಿಸಿದರು ಅಂತ ಒಂದು, ಕೇಳಿದರೆ ಕೊಡ್ತಾರೆ ಬಿಡಿ ಅಂತ ಇನ್ನೊಂದು. ಎರಡರಲ್ಲೂ ಅರ್ಧ ಸತ್ಯ ಇತ್ತು.

2022-23ರಲ್ಲಿ ನರೇಗಾದ ಪರಿಷ್ಕೃತ ಅಂದಾಜು, ಅಂದರೆ ವರ್ಷದ ನಡುವೆ ತಿದ್ದಿದ ಲೆಕ್ಕ, 89,400 ಕೋಟಿ. 2023-24ಕ್ಕೆ ಇಟ್ಟದ್ದು 60,000 ಕೋಟಿ, ಅಂದರೆ ಮೂರನೇ ಒಂದು ಭಾಗ ಕಡಿಮೆ. ಆಮೇಲೆ ಅದೇ ವರ್ಷದ ಪರಿಷ್ಕೃತ ಅಂದಾಜು 86,000 ಕೋಟಿಗೆ ಏರಿತು. ಹಾಗಾದರೆ ನಷ್ಟ ಏನು? ಸಮಯ. ಹೊಸ ಹಣದಲ್ಲಿ ಮೊದಲು ಹಳೆ ಬಾಕಿ ತೀರಬೇಕು. ವರ್ಷದ ಕೊನೆಗೆ ಚೀಲ ಖಾಲಿಯಾದರೆ ಕೂಲಿ ತಡ, ಸಾಮಗ್ರಿ ಬಿಲ್ ಇನ್ನೂ ತಡ. ಕೃಷಿ ಹೊಂಡ, ಚೆಕ್ ಡ್ಯಾಂ ಅರ್ಧಕ್ಕೆ ನಿಲ್ಲುವುದು ಹೀಗೆ.

ನರೇಗಾದ 2005ರ ಕಾಯ್ದೆಯಲ್ಲಿ ಕೂಲಿಕಾರರ ಕೈಲಿದ್ದ ಅಸ್ತ್ರ ನಮೂನೆ 6, ಅಂದರೆ ಕೆಲಸ ಕೇಳುವ ಅರ್ಜಿ. ಪಂಚಾಯಿತಿಗೆ ಕೊಟ್ಟು ದಿನಾಂಕವಿರುವ ರಸೀದಿ ಪಡೆಯಬೇಕಿತ್ತು. ಬಾಯಲ್ಲಿ ಕೇಳಿದ ಕೆಲಸ ದಾಖಲೆಗೇ ಹೋಗದು. ಬೇಡಿಕೆ ಕಾಣದಿದ್ದರೆ ಹೆಚ್ಚಿನ ಹಣಕ್ಕೆ ಕಾರಣವೂ ಇಲ್ಲ. 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ: ಮೊದಲ 30 ದಿನ ಕೂಲಿಯ ಕನಿಷ್ಠ ಕಾಲುಭಾಗ, ನಂತರ ಕನಿಷ್ಠ ಅರ್ಧ. ಆಗ ಕರ್ನಾಟಕದ ಕೂಲಿ 316 ರೂಪಾಯಿ, ಅಂದರೆ ದಿನಕ್ಕೆ 79, ಆಮೇಲೆ 158. ಅದನ್ನು ಕೊಡಬೇಕಾದದ್ದು ರಾಜ್ಯ. ರಸೀದಿ ಕೊಡಲು ಹಿಂಜರಿಕೆ ಯಾಕೆ ಅಂತ ಇಲ್ಲೇ ಗೊತ್ತಾಗುತ್ತದೆ.

ಆ ಕಾಯ್ದೆಯಲ್ಲಿ ಕೂಲಿ ತಡವಾದರೆ ಪರಿಹಾರ ದಿನಕ್ಕೆ ಬಾಕಿ ಕೂಲಿಯ ಶೇ 0.05, ಹಾಜರಿ ಪಟ್ಟಿ ಮುಗಿದ 16ನೇ ದಿನದ ನಂತರ. ಆರು ದಿನದ 1,896 ರೂಪಾಯಿಗೆ ಅದು ದಿನಕ್ಕೆ ಸುಮಾರು 95 ಪೈಸೆ. ಪಾವಗಡದಿಂದ ತುಮಕೂರಿಗೆ ಹೋಗಿ ಕೇಳುವ ಬಸ್ ಚಾರ್ಜಿಗೂ ಸಾಲದು!