ಹಾನ್ಲೆಯಲ್ಲಿ ನೀಹಾರಿಕೆ ನೋಡಬೇಕಾ? ಸೆಪ್ಟೆಂಬರ್ ಅಮಾವಾಸ್ಯೆಗೆ ಹೋಗಿ

ಲಡಾಖ್‌ನ ಹಾನ್ಲೆಗೆ ಹೊರಡುವವರು ಟಿಕೆಟ್ ಬುಕ್ ಮಾಡುವ ಮುಂಚೆ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ಯಾವತ್ತು ಅಂತ ನೋಡಿ. ಬೆಳದಿಂಗಳಿದ್ದರೆ ಅಷ್ಟು ದೂರ ಹೋಗಿಯೂ ನೀಹಾರಿಕೆಗಳು (ಬಾಹ್ಯಾಕಾಶದ ಅನಿಲ, ಧೂಳಿನ ಮೋಡಗಳು) ಸರಿಯಾಗಿ ಕಾಣುವುದಿಲ್ಲ. ನಾವು ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ನಾನು ಎಲ್ಲರಿಗೂ ಹೇಳುವುದೂ ಅದೇ ತಿಂಗಳು. ಧನು ರಾಶಿಯ ಲಗೂನ್ ನೀಹಾರಿಕೆ ಸಂಜೆ ಆಕಾಶದಲ್ಲಿ ಇರುವ ತಿಂಗಳುಗಳಲ್ಲಿ ನಮ್ಮ ಕಡೆ ಮಳೆಗಾಲ, ಮೇಲೆ ನೋಡಿದರೆ ಬರೀ ಮೋಡ. ಹಾನ್ಲೆ ಇರುವುದು ಹಿಮಾಲಯದ ಮಳೆನೆರಳಲ್ಲಿ, ಹಾಗಾಗಿ ಅಲ್ಲಿ ಮೋಡ ಕಡಿಮೆ.

ಕತ್ತಲಾದ ತಕ್ಷಣ ದಕ್ಷಿಣಕ್ಕೆ ತಿರುಗಿ. ಲಗೂನ್ ಬರಿಗಣ್ಣಿಗೇ ಮಸುಕು ಮಚ್ಚೆಯಂತೆ ಸಿಗುತ್ತದೆ. ದೂರದರ್ಶಕದಲ್ಲಿ ಅದರ ನಡುವೆ ಒಂದು ಕಪ್ಪು ಪಟ್ಟಿ ಕಾಣುತ್ತದೆ, ಅದು ಖಾಲಿ ಜಾಗ ಅಲ್ಲ, ಹಿಂದಿನ ಬೆಳಕನ್ನು ತಡೆಯುವ ಧೂಳು. ಆಮೇಲೆ ಅಭಿಜಿತ್ ನಕ್ಷತ್ರದ ಹತ್ತಿರ ರಿಂಗ್ ನೀಹಾರಿಕೆ ತೋರಿಸಿ ಅಂತ ಊರಿನ ಮಾರ್ಗದರ್ಶಿಗಳನ್ನು ಕೇಳಿ: ಸಾಯುವ ಹಂತದ ನಕ್ಷತ್ರವೊಂದು ಹೊರಚೆಲ್ಲಿದ ಅನಿಲ, ಪುಟಾಣಿ ಕೋಡುಬಳೆಯ ಹಾಗಿದೆ.

ಸ್ವಲ್ಪ ನಿದ್ದೆ ಮಾಡಿ, ಮೂರೂವರೆಗೆ ಅಲಾರಂ ಇಟ್ಟು ಎದ್ದುಬಿಡಿ. ಆಗ ಆಗ್ನೇಯದಲ್ಲಿ ಮಹಾವ್ಯಾಧ (ಓರಾಯನ್ ನಕ್ಷತ್ರಪುಂಜ) ಮೇಲೆ ಬಂದಿರುತ್ತಾನೆ, ಅವನ ಕತ್ತಿಯ ನಡುವೆ ಇರುವುದೇ ಸುಮಾರು 1,300 ಜ್ಯೋತಿರ್ವರ್ಷ ದೂರದ ಓರಾಯನ್ ನೀಹಾರಿಕೆ. ಒಳಗೆ ನಾಲ್ಕು ಎಳೆಯ ನಕ್ಷತ್ರಗಳು ಒತ್ತೊತ್ತಾಗಿ ಮಿನುಗುತ್ತವೆ, ಸುತ್ತಲಿನ ಅನಿಲ ಬೆಳಗುತ್ತಿರುವುದು ಮುಖ್ಯವಾಗಿ ಅವುಗಳಿಂದಲೇ. ನನಗೆ ಕಂಡದ್ದು ಹಸಿರು ಬೆರೆತ ಬೂದು ಬಣ್ಣ. ಫೋಟೋದಲ್ಲಿರುವ ಗುಲಾಬಿ ಬಣ್ಣ ನಿರೀಕ್ಷಿಸಬೇಡಿ, ಇಷ್ಟು ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಕೆಂಪು ಗೊತ್ತಾಗುವುದೇ ಇಲ್ಲ. ನೇರ ದಿಟ್ಟಿಸದೆ ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಇಟ್ಟರೆ ಜಾಸ್ತಿ ವಿವರ ಸಿಗುತ್ತದೆ. ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬೇಕು, ಹಾಗಾಗಿ ಸುಮ್ನೆ ಮೊಬೈಲ್ ಒಳಗಿಡಿ, ಬೇಕಾದರೆ ಕೆಂಪು ಟಾರ್ಚ್ ಬಳಸಿ.

ದೂರದರ್ಶಕ ಹೊತ್ತೊಯ್ಯುವ ಅಗತ್ಯವಿಲ್ಲ. 2022ರಲ್ಲಿ ಹಾನ್ಲೆ ಡಾರ್ಕ್ ಸ್ಕೈ ರಿಸರ್ವ್ (ರಾತ್ರಿಯ ಕತ್ತಲನ್ನು ಕೃತಕ ಬೆಳಕಿನಿಂದ ಕಾಪಾಡುವ ಪ್ರದೇಶ) ಆದ ಮೇಲೆ ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ದೂರದರ್ಶಕಗಳನ್ನೂ ಕೊಟ್ಟಿದ್ದಾರೆ, ಅವರೇ ತೋರಿಸುತ್ತಾರೆ. ಅವರಿರುವ ಹೋಮ್‌ಸ್ಟೇಯನ್ನೇ ಹಿಡಿಯಿರಿ. ಬೆಟ್ಟದ ಮೇಲಿರುವ, 2 ಮೀಟರ್ ಕನ್ನಡಿಯ, ವಿಜ್ಞಾನಿ ಎಸ್. ಚಂದ್ರಶೇಖರ್ ಹೆಸರಿನ ‘ಚಂದ್ರ’ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಎಷ್ಟು ಖುಷಿಯ ವಿಷಯ ಅಲ್ವಾ!

ಹಾನ್ಲೆ 4,300 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಬಂದವರು ಲೇಹ್‌ನಲ್ಲಿ ಕನಿಷ್ಠ ಎರಡು ದಿನ ವಿಶ್ರಾಂತಿ ತೆಗೆದುಕೊಳ್ಳಲೇಬೇಕು, ತಲೆನೋವು, ವಾಂತಿ ಜಾಸ್ತಿಯಾದರೆ ಮುಂದೆ ಹೋಗದೆ ಕೆಳಗಿಳಿಯಿರಿ. ಇನ್ನರ್ ಲೈನ್ ಪರ್ಮಿಟ್ (ಗಡಿ ಪ್ರದೇಶದ ಪ್ರವೇಶ ಪತ್ರ), ನಗದು, ದಪ್ಪ ಜಾಕೆಟ್, ಗ್ಲೌಸ್ ಮರೆಯಬೇಡಿ. ಚಳಿಗೆ ಕ್ಯಾಮೆರಾ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಜಾಕೆಟ್ ಒಳಜೇಬಿನಲ್ಲಿ ಬೆಚ್ಚಗಿಡಿ.